ಅತ್ತೆಯ ಕೈಯಿಂದ ತೆಗೆದಿಟ್ಟ ಫೋನ್

ಅತ್ತೆ, ನಿಮ್ಮ ಸೊಸೆ ಶಕುಂತಲಾ ಬರೆಯುತ್ತಿದ್ದೇನೆ.

ದಹಿಸರ್‌ನ ನಮ್ಮ ಬಾಲ್ಕನಿಯಲ್ಲಿ ಕೂತು ನೀವು ವಾಯ್ಸ್ ಮೆಸೇಜ್ ಕಳಿಸಲು ಕಲಿತ ಬೆಳಗುಗಳು ನೆನಪಿವೆಯೇ? ಆಗ ನಿಮಗೆ ಎಪ್ಪತ್ತಾರು. ಮೈಕಿನ ಗುರುತನ್ನು ಒತ್ತಿ ಹಿಡಿಯುವ ಬದಲು ತಟ್ಟಿಬಿಡುತ್ತಿದ್ದಿರಿ. ನಾಲ್ಕನೆಯ ದಿನ ಉಡುಪಿಯಲ್ಲಿರುವ ನಿಮ್ಮ ತಂಗಿ ಗಿರಿಜ ಚಿಕ್ಕಮ್ಮನಿಗೆ ಮೊದಲ ಮಾತು ಹೋಯಿತು. ಆಮೇಲೆ ದಿನವೂ ಅದೇ. ಶಾಲೆಯಲ್ಲಿ ಪಕ್ಕ ಕೂರುತ್ತಿದ್ದವಳ ಹೆಸರೇನು, ಅಮ್ಮ ಪತ್ರೊಡೆಗೆ ಏನೇನು ಹಾಕುತ್ತಿದ್ದಳು…

ನೀವು ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ ವಾರವೇ ಲಿಫ್ಟಿನಲ್ಲಿ ನಿಂತು ಮನೆ ಯಾವ ಮಹಡಿಯಲ್ಲಿದೆ ಎಂದು ಕೇಳಿದಿರಿ. ನನಗೆ ಹೆದರಿಕೆಯಾಯಿತು. ವಯಸ್ಸಾದವರ ಮರೆವಿಗೆಲ್ಲ ಫೋನೇ ಕಾರಣ ಎಂದು ಬಿಲ್ಡಿಂಗಿನ ಗ್ರೂಪಿನಲ್ಲಿ ಯಾರೋ ಹಾಕಿದ್ದರು. ನಿಮ್ಮ ಫೋನನ್ನು ಕಪಾಟಿನಲ್ಲಿಟ್ಟು, ಡಾಕ್ಟರು ಬೇಡ ಅಂದಿದ್ದಾರೆ ಎಂದು ಸುಳ್ಳು ಹೇಳಿದೆ. ನೀವು ವಾದಿಸಲಿಲ್ಲ. “ಗಿರಿಜ ಕಾಯ್ತಾ ಇರ್ತಾಳೆ,” ಎಂದಿರಿ, ಅಷ್ಟೇ.

ಎರಡು ತಿಂಗಳಲ್ಲಿ ಎಷ್ಟು ಮೌನವಾಗಿಬಿಟ್ಟಿರಿ. ಕೊನೆಗೆ ಸಾಂತಾಕ್ರೂಜ್‌ನ ಡಾಕ್ಟರ ಬಳಿ ಕರೆದೊಯ್ದೆ. ಇಡೀ ದಿನ ಏನು ಮಾಡುತ್ತಾರೆ ಎಂದು ಅವರು ಹಿಂದಿಯಲ್ಲಿ ಕೇಳಿದರು. ನಡೆದದ್ದನ್ನು ಹೇಳಿದೆ. ಮರೆವು ಯಾತರಿಂದ ಬಂತೆಂದು ಈಗಲೇ ಹೇಳಲಾರೆ, ಆದರೆ ಸುಮ್ಮನೆ ವಿಡಿಯೊ ನೋಡುತ್ತ ಕೂರುವುದು ಬೇರೆ, ತಂಗಿಯ ಜೊತೆ ನೆನಪು ಮಾಡಿಕೊಂಡು ಮಾತಾಡುವುದು ಬೇರೆ, ಅದನ್ನು ಯಾಕೆ ನಿಲ್ಲಿಸಿದಿರಿ ಎಂದರು. ನೀವು ನನ್ನ ಮುಖ ನೋಡಿದಿರಿ. ನನ್ನ ಸುಳ್ಳು ನಿಮಗೆ ಆಗ ತಿಳಿಯಿತೇ? ಲೋಕಲ್ ರೈಲಿನಲ್ಲಿ ವಾಪಸು ಬರುವಾಗ ಕೇಳಬೇಕೆಂದುಕೊಂಡೆ. ಕೇಳಲಾಗದೆ…

ಆ ಸಂಜೆಯೇ ಫೋನನ್ನು ನಿಮ್ಮ ಕೈಗಿಟ್ಟೆ. ಹೇಗೆ ಒತ್ತಬೇಕೆಂಬುದೇ ನಿಮಗೆ ಮರೆತುಹೋಗಿತ್ತು. ನಿಮ್ಮ ಹೆಬ್ಬೆರಳ ಮೇಲೆ ನನ್ನ ಹೆಬ್ಬೆರಳಿಟ್ಟು ಮತ್ತೆ ಕಲಿಸಲು ಮೂರು ವಾರ ಬೇಕಾಯಿತು. ಕೆಲವು ಹೆಸರುಗಳು ಮರಳಿದವು, ಹಲವು ಮರಳಲಿಲ್ಲ. ನಾನು ನಿಲ್ಲಿಸಿದ ಆ ಎರಡು ತಿಂಗಳಲ್ಲಿ ನೀವು ಏನೇನು ಹೇಳುತ್ತಿದ್ದಿರೋ.

ನಿಮಗೆ ತಿಳಿಯದ ಒಂದು ಸುದ್ದಿಯಿದೆ. ನೀವು ಹೋದ ಮೇಲೂ ಚಿಕ್ಕಮ್ಮ ನಿಮ್ಮ ನಂಬರಿಗೆ ಮೆಸೇಜ್ ಕಳಿಸುತ್ತಲೇ ಇದ್ದರು. ಅವರಿಗೂ ಮರೆವು ಶುರುವಾಯಿತೆಂದುಕೊಂಡೆ. ನೀವೇ ಎಂಬಂತೆ ಉತ್ತರ ಕೊಡಲೇ ಅನ್ನಿಸಿತು. ಬೇಡ, ಒಂದು ಸುಳ್ಳು ಸಾಕು ಎನಿಸಿ ಫೋನ್ ಮಾಡಿ ಮಾತಾಡಿದೆ. ನಿಮ್ಮ ಅಕ್ಕ ಹೋಗಿ ಐದು ತಿಂಗಳಾಯಿತು ಎಂದೆ. ಫೋನ್ ತೆಗೆದಿಟ್ಟದ್ದನ್ನೂ ಹೇಳಿಬಿಟ್ಟೆ.

ಅವರು, “ಅಕ್ಕ ಇಲ್ಲ ಅಂತ ನಂಗೆ ಗೊತ್ತುಂಟು,” ಎಂದರು. “ಆದ್ರೂ ಬೆಳಿಗ್ಗೆ ಹೇಳ್ಲಿಕ್ಕೆ ಯಾರಾದ್ರೂ ಬೇಕಲ್ಲ. ನಾಳೆಯಿಂದ ನೀನು ಮಾತಾಡು ಮಾರಾಯ್ತಿ.”

ದಿನಾ ಮಾತಾಡುತ್ತಿದ್ದೇನೆ ಅತ್ತೆ, ನಿಮ್ಮ ಫೋನಿನಿಂದಲೇ.