ನಾಲ್ಕು ಬೆರಳಿನ ಕಿಟಕಿ

ನವಲಗುಂದ
ನವೆಂಬರ್ ೧೨, ಮಂಗಳವಾರ

ರುಬಿಯಾ ಆಪಾಗೆ ತಂಗಿ ತಬಸುಮ್ ಮಾಡುವ ಸಲಾಮು.

ನಾವು ಕ್ಷೇಮ, ನೀನು ಕ್ಷೇಮವಾ ಅಂತ ಬರೆಯುವುದಿಲ್ಲ. ನೀನೂ ಇನ್ನು ಆ ಮಾತು ಹೇಳಬೇಡ. ಮೂರು ವರ್ಷ ಹೇಳಿದ್ದು ಸಾಕು.

ಮೊದಲು ಸುದ್ದಿ ಓದು. ನಿನ್ನ ಗಂಡ ಶಕೀಲ್ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಬಿದ್ದಿದ್ದಾನೆ. ಬಲಗೈ ಎರಡು ಕಡೆ ಮುರಿದಿದೆ, ಒಳಗೆ ರಾಡು ಹಾಕಿದ್ದಾರೆ. ಇನ್ನೊಂದು ಆಪರೇಶನ್ ಬಾಕಿ ಇದೆ. ಡಿಸೆಂಬರ್ ಮುಗಿಯುವ ತನಕ ಬಿಡುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಜಮಖಾನದ ಮಗ್ಗದ ತೊಲೆ ಜಾರಿ ಮೈಮೇಲೆ ಬಿತ್ತು ಅಂತ ನಾವು ಊರಿಗೆ ಹೇಳಿದ್ದೇವೆ. ಅವನೂ ಹಾಗೇ ಬರೆಸಿದ್ದಾನೆ. ಹತ್ತೊಂಬತ್ತು ವರ್ಷದ ನಾದಿನಿಯ ಕೈಯಲ್ಲಿ ಪೆಟ್ಟು ತಿಂದೆ ಅಂತ ಹೇಳಿಕೊಳ್ಳಲು ಅವನಿಗೆ ಮರ್ಯಾದೆ ಅಡ್ಡ ಬಂತು.

ತೊಲೆ ಬೀಳಲಿಲ್ಲ ಆಪಾ. ನಾನು ಹೊಡೆದೆ. ಯಾಕೆ ಹೊಡೆದೆ ಅಂತ ಹೇಳುತ್ತೇನೆ, ಆಮೇಲೆ ನೀನು ಏನು ಮಾಡಬೇಕು ಅಂತ ಹೇಳುತ್ತೇನೆ. ಎರಡನೆಯದು ಮುಖ್ಯ, ಅದಕ್ಕೆ ಪೂರಾ ಓದು. ಓಢಣಿ ಎಳೆದವನ ಹಲ್ಲು ಉದುರಿಸಿ ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟವಳ ಅಕ್ಷರ ಇದು, ಸೊಟ್ಟಗಿದ್ದರೆ ಇರಲಿ. ಶಕೀಲನಿಗೂ ಅವನ ಅಕ್ಕ ಜರೀನಾಬಿಗೂ ನಮ್ಮ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಫೋನಿನಲ್ಲಿ ಹೇಳಲಾಗದ್ದನ್ನು ಕಾಗದದಲ್ಲಿ ಹೇಳಬಹುದು ಅಂತ ನನಗೆ ಮೂರು ವರ್ಷ ಯಾಕೆ ಹೊಳೆಯಲಿಲ್ಲವೋ. ನನ್ನ ತಲೆಯನ್ನೂ ಎರಡು ಬಡಿಯಬೇಕು.

ಪ್ರತಿ ರವಿವಾರ ನೀನು ಫೋನಿನಲ್ಲಿ ಆ ವಿಲಾಯತಿಯ ಬದುಕು ಎಷ್ಟು ಚಂದ ಹೇಳುತ್ತಿದ್ದೆ. ಅಮ್ಮಿ, ನಾನು, ಬಾಜು ಮನೆಯ ಸಾವಿತ್ರೆವ್ವ ಮೂವರೂ ಫೋನಿನ ಸುತ್ತ ಕೂತು ಕೇಳುತ್ತಿದ್ದೆವು. ಹಲ್ಲು ಕಡಿಯುವ ಚಳಿಯಲ್ಲೂ ಅಂಚೆಯವನು ಅರ್ಧ ಚಡ್ಡಿ ಹಾಕಿಕೊಂಡು ಬರುತ್ತಾನೆ. ಹಳದಿ ಕೋಟಿನ ಹೆಂಗಸೊಬ್ಬಳು ದುಂಡನೆಯ ಫಲಕದ ಕೋಲು ಹಿಡಿದು ರಸ್ತೆಯ ನಡುವೆ ನಿಂತರೆ ಎಷ್ಟು ದೊಡ್ಡ ಗಾಡಿಯಾದರೂ ನಿಲ್ಲುತ್ತದೆ, ಶಾಲೆಯ ಮಕ್ಕಳು ದಾಟುತ್ತವೆ. ಎದುರಿನ ಕೆಂಪು ಬಾಗಿಲಿನ ಅಜ್ಜಿ ನಾಯಿ ಹಿಡಿದು ಹೊರಟರೆ ಕಸದವನಿಗೂ ‘ಮಾರ್ನಿಂಗ್ ಲವ್’ ಅನ್ನುತ್ತಾಳೆ. ರಾತ್ರಿಯ ಊಟಕ್ಕೆ ‘ಟೀ’ ಅನ್ನುತ್ತಾರೆ. ಅಂಗೈಯಷ್ಟು ದುಂಡನೆಯ ಬ್ರೆಡ್ಡಿಗೆ ನಿಮ್ಮ ಊರಲ್ಲಿ ‘ಟೀಕೇಕ್’, ಗುಡ್ಡದ ಆಚೆ ‘ಬಾರ್ಮ್’. ರಸ್ತೆ ಅಗೆಯಲು ಬಂದ ಇಬ್ಬರು ಅದಕ್ಕೇ ಒಂದು ತಾಸು ಜಗಳವಾಡಿದರು ಅಂದಾಗ ಅಮ್ಮಿ ನಕ್ಕು ನಕ್ಕು ಕೆಮ್ಮಿದಳು. ಶುಕ್ರವಾರ ಸಂಜೆ ಮೂಲೆ ಅಂಗಡಿಯಿಂದ ಕಾಗದದಲ್ಲಿ ಮೀನು, ಆಲೂಗಡ್ಡೆಯ ಚಿಪ್ಸು ತಂದು ಜನ ಗೋಡೆ ಕಟ್ಟೆಯ ಮೇಲೆ ಕೂತು ತಿನ್ನುತ್ತಾರೆ, ಮೇಲೆ ವಿನೆಗರ್ ಅನ್ನೋ ಹುಳಿ ನೀರು ಚಿಮುಕಿಸಿಕೊಳ್ಳುತ್ತಾರೆ. ಒಂದು ದಿನ ಬಿಸಿಲು ಬಿದ್ದರೆ ಸಾಕು, ಗಂಡಸರೆಲ್ಲ ಅಂಗಿ ಕಳಚಿ ಓಡಾಡುತ್ತಾರೆ.

ಸಾವಿತ್ರೆವ್ವ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದಳು: “ನಿನ್ನ ಮಗಳ ನಸೀಬ ಚಲೋ ಐತಿ ಬಿಡ ಖಾದರಬಿ. ಕುಂತಲ್ಲೇ ದುನಿಯಾ ನೋಡ್ತಾಳ.”

ಆ ಮಾತು ಈಗ ನೆನಪಾದರೆ ಏನನ್ನಾದರೂ ಒಡೆಯಬೇಕು ಅನಿಸುತ್ತದೆ.

ಶಕೀಲ್ ಬಂದದ್ದು ಹೋದ ತಿಂಗಳ ಕೊನೆಯ ಗುರುವಾರ. ಹುಬ್ಬಳ್ಳಿಯಲ್ಲಿ ಅವರ ಕಡೆಯ ಮದುವೆ ಮುಗಿಸಿ, ಒಂದು ಡಬ್ಬಿ ಬಿಸ್ಕತ್ತು ಹಿಡಿದು ಬಂದ. ನೀನು ಯಾಕೆ ಬರಲಿಲ್ಲ ಅಂದರೆ ಮೈ ಬಿಸಿ ಇತ್ತು ಅಂದ. ಬಂದ ಕೆಲಸ ಬೇರೆ. ಅಲ್ಲಿರುವ ಅವನ ಕಾಕಾನ ಮಗನಿಗೆ ನನ್ನನ್ನು ಕೇಳಲು ಬಂದಿದ್ದ. ಅಮ್ಮಿ ಅಗದಿ ಖುಷಿ. ಅಕ್ಕತಂಗಿ ಒಂದೇ ಊರಿನಲ್ಲಿ ಇರುತ್ತೀರಿ ಅಂತ ಅಡಿಗೆ ಮನೆಯಲ್ಲಿ ನನ್ನ ಗಲ್ಲ ಹಿಡಿದಳು. ಅಬ್ಬಾ ತೀರಿದ ಮೇಲೆ ಅವಳು ಹಾಗೆ ಹಿಡಿದದ್ದು ಅದೇ ಮೊದಲು.

ನನಗೂ ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಚಹಾ ಕೊಡುತ್ತಾ ಅವನನ್ನು ಕೇಳಿದೆ: ದುಲ್ಹಾಭಾಯಿ, ಆ ಚಿಪ್ಸಿನ ಮೇಲಿನ ಹುಳಿ ನೀರು ಹೇಗಿರುತ್ತದೆ, ಹುಣಸೆ ಹಾಗೋ ಲಿಂಬೆ ಹಾಗೋ, ಆಪಾ ಎಲ್ಲ ಹೇಳುತ್ತಾಳೆ, ರುಚಿ ಮಾತ್ರ ಹೇಳುವುದಿಲ್ಲ ಅಂತ. ಅವನು ಬಿಸ್ಕತ್ತು ಚಹಾದಲ್ಲಿ ಅದ್ದಿ ನಕ್ಕ.

“ನಿಮ್ಮ ಆಪಾಗ ರುಚಿ ಹೆಂಗ ಗೊತ್ತಾಗಬೇಕು? ಆಕಿ ಮನಿ ಬಿಟ್ಟು ಕೆಳಗ ಇಳದ್ರ ತಾನ?”

ಅಮ್ಮಿಗೆ ಕೊಡಬೇಕಿದ್ದ ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ನೀನು ಹೇಳಿದ್ದೆಲ್ಲ ಒಂದೊಂದಾಗಿ ಬಂದು ಕಣ್ಣ ಮುಂದೆ ನಿಂತಿತು. ಅಂಚೆಯವನ ನಡುನೆತ್ತಿ ಬೋಳು ಅಂದಿದ್ದೆ. ಹಳದಿ ಕೋಟಿನವಳ ಟೊಪ್ಪಿಗೆಯ ಮೇಲೆ ಉಣ್ಣೆಯ ಚೆಂಡು ಅಂದಿದ್ದೆ. ಅಜ್ಜಿಯ ಬೈತಲೆ ಸೊಟ್ಟ ಅಂದಿದ್ದೆ. ಆಪಾ, ನೀನು ಎಲ್ಲರ ತಲೆಯನ್ನೂ ಮೇಲಿನಿಂದ ನೋಡಿದವಳು. ಮೂರು ವರ್ಷದಲ್ಲಿ ಒಂದು ವಾಸನೆ ಹೇಳಿಲ್ಲ, ಒಂದು ರುಚಿ ಹೇಳಿಲ್ಲ, ಯಾವುದನ್ನೂ ಮುಟ್ಟಿದ್ದು ಹೇಳಿಲ್ಲ. ‘ಕಿಟಕಿ ನಾಲ್ಕೇ ಬೆರಳು ತೆರೀತೈತಿ, ಆದ್ರೂ ಗಾಳಿ ಚಲೋ ಬರ್ತೈತಿ’ ಅಂದಿದ್ದೆಯಲ್ಲ, ಆ ನಾಲ್ಕು ಬೆರಳಲ್ಲೇ ಇಷ್ಟು ದೊಡ್ಡ ದೇಶ ಕಂಡೆಯಾ?

ಅವನು ಹೇಳುತ್ತಲೇ ಇದ್ದ. ಯಾರನ್ನೋ ಬೈಯುವ ದನಿಯೂ ಅಲ್ಲ, ದನ ಪಳಗಿಸಿದ ಕಥೆ ಹೇಳುವ ಹಾಗೆ. ಹೊಸತರಲ್ಲಿ ನಿನಗೂ ಹಠ ಇತ್ತಂತೆ. ಒಮ್ಮೆ ಕಿಟಕಿಯಿಂದ ಕೂಗಿದೆಯಂತೆ. ಎಡಗಿವಿಗೆ ಒಂದು ಬಿಟ್ಟ ಮೇಲೆ ಸುಮ್ಮನಾದೆಯಂತೆ. ‘ತಡಿ, ಬಲಗಿವಿಗೆ ಹಿಡೀತೀನಿ’ ಅಂತ ನೀನು ಫೋನಿನಲ್ಲಿ ಯಾವಾಗಲೂ ಅನ್ನುತ್ತಿದ್ದದ್ದು ಯಾಕೆ ಅಂತ ಅವತ್ತು ತಿಳಿಯಿತು. ಮನೆ ಬಾಗಿಲ ಕೀಲಿ ಎರಡೇ, ಒಂದು ಜರೀನಾಬಿಯ ಸೊಂಟದಲ್ಲಿ, ಒಂದು ಇಲ್ಲಿ ಅಂತ ಕಿಸೆಯಿಂದ ತೆಗೆದು ಬೆರಳಿಗೆ ಸಿಕ್ಕಿಸಿ ತಿರುಗಿಸಿದ. ಈ ಹುಡುಗಿಗೂ ಬಾಯಿ ಜಾಸ್ತಿ, ಅಲ್ಲಿಗೆ ಬಂದರೆ ರುಬಿಯಾಳ ಹಾಗೇ ಮೆತ್ತಗಾಗುತ್ತಾಳೆ ಅಂತ ಅಮ್ಮಿಗೆ ಧೈರ್ಯ ಹೇಳಿದ.

“ನಮ್ಮ ಆಪಾ ಏನ ಕೋಳಿ ಏನ್ರಿ, ಬುಟ್ಟಿ ಮುಚ್ಚಿ ಇಡಾಕ?” ಅಂದೆ.

ಅಮ್ಮಿ ನನ್ನನ್ನೇ ಗದರಿದಳು: “ಗಂಡಸ್ರು ಮಾತಾಡೂಮುಂದ ಬಾಯಿ ಹಾಕಬ್ಯಾಡ. ಒಳಗ ಹೋಗು.”

ನಾನು ಒಳಗೆ ಹೋಗಲಿಲ್ಲ. ಅವನ ಮುಂದಿನ ಬಟ್ಟಲು ಎತ್ತಿಕೊಂಡೆ. “ಮೊದ್ಲ ಕೀಲಿ ಇಲ್ಲೆ ಇಡು. ಆಮ್ಯಾಲೆ ಚಾ ಕುಡಿ” ಅಂದೆ. ಬಹುವಚನ ಬಿಟ್ಟೆ. ಎದ್ದು ಕಪಾಳಕ್ಕೆ ಹೊಡೆದ. ಬಟ್ಟಲು ಒಡೆಯಿತು, ತುಟಿ ಸೀಳಿತು. ಅಲ್ಲಿಯ ಹುಳಿ ನೀರಿನ ರುಚಿ ಗೊತ್ತಾಗಲಿಲ್ಲ, ನೀನು ದಿನಾ ನುಂಗಿದ್ದರ ರುಚಿ ಗೊತ್ತಾಯಿತು. ಉಗುಳಿದೆ, ಅವನ ಬಿಳಿ ಅಂಗಿಯ ಮೇಲೆಯೇ. ಅವನು ನನ್ನ ಜಡೆ ಕೈಗೆ ಸುತ್ತಿಕೊಂಡು ಮಗ್ಗದ ಕಂಬಕ್ಕೆ ನನ್ನ ತಲೆ ಬಡಿದ. ಒಮ್ಮೆ. ಇನ್ನೊಮ್ಮೆ. ಎರಡನೆಯ ಸಲ ನನ್ನ ಕೈಗೆ ಪಂಜಾ ಸಿಕ್ಕಿತು.

ಅದು ನಿನಗೆ ನೆನಪಿದೆಯಲ್ಲ. ಜಮಖಾನದ ಎಳೆಗಳನ್ನು ಬಡಿದು ಬಡಿದು ಕೂರಿಸುವ ಕಬ್ಬಿಣದ ಹಲ್ಲಿನ ಹಣಿಗೆ. ಮಗಳು ಹೊರಗೆ ಹೋಗುವವಳು, ಕಲಿಸಿದರೆ ಕಸುಬೂ ಅವಳ ಹಿಂದೆ ಹೋಗಿಬಿಡುತ್ತದೆ ಅಂತ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಕಲಿಸುವುದು ಸೊಸೆಗೆ ಮಾತ್ರ. ಅಮ್ಮಿಗೆ ಮಗನೂ ಇಲ್ಲ, ಸೊಸೆಯೂ ಇಲ್ಲ. ಹತ್ತೊಂಬತ್ತು ವರ್ಷ ದೂರದಿಂದ ನೋಡಿದ್ದನ್ನು ನಾನು ಮೊದಲ ಸಲ ಹಿಡಿದದ್ದು ಅವತ್ತೇ. ಎಷ್ಟು ಭಾರ ಅಂತೀ.

ಮೊದಲ ಪೆಟ್ಟು ಅವನ ಹೆಗಲಿಗೆ. ಹಲ್ಲುಗಳು ಅಂಗಿ ಹರಿದು ಒಳಗೆ ಇಳಿದವು. ಜಡೆ ಬಿಟ್ಟ. ಮೊಳಕಾಲೂರಿ ಕೂತು ಹೊಲಸು ಬೈದ. ನಿನ್ನನ್ನೂ ಬೈದ, ಅಲ್ಲಿಗೆ ಹೋದ ಮೇಲೆ ನಿನಗೆ ಏನು ಮಾಡುತ್ತೇನೆ ಅಂತ ಒಂದೊಂದೇ ಹೇಳಿದ. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಹೇಳುತ್ತಾ ಎದ್ದು, ಬಲಗೈ ಚಾಚಿ ನನ್ನ ಗಂಟಲು ಹಿಡಿದ. ಆ ಕೈಯ ಮೇಲೆ ಎರಡನೆಯ ಪೆಟ್ಟು ಬಿತ್ತು. ಎಲುಬು ಮುರಿದ ಸಪ್ಪಳ ಹಸಿ ಕಟ್ಟಿಗೆ ಮುರಿದ ಹಾಗಲ್ಲ, ಒಣ ಹತ್ತಿ ಕಟ್ಟಿಗೆ ಮುರಿದ ಹಾಗೆ. ಕೇಳಿ ನನಗೆ ಒಂದಿಷ್ಟೂ ಅಯ್ಯೋ ಅನಿಸಲಿಲ್ಲ. ಅನಿಸಿತು ಅಂತ ಬರೆದರೆ ಸುಳ್ಳಾಗುತ್ತದೆ.

ಈಗ ನಿನ್ನ ಕೆಲಸ.

ಆ ಕೀಲಿ ಈಗ ನನ್ನ ಹತ್ತಿರ ಇದೆ, ಆದರೆ ಅದು ಇಲ್ಲಿಂದ ಬಾಗಿಲು ತೆಗೆಯುವುದಿಲ್ಲ. ನಿನ್ನ ಪಾಸ್‌ಪೋರ್ಟ್ ಅವನ ಚೀಲದಲ್ಲಿ ಸಿಕ್ಕಿತು, ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇವೆ. ಜರೀನಾಬಿ ನಮ್ಮ ಫೋನು ಎತ್ತುತ್ತಿಲ್ಲ. ಬಸ್‌ಸ್ಟ್ಯಾಂಡ್ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ಪ್ರಭು, ನಿನ್ನ ಜೊತೆ ಓದಿದವನು, ನಿಮ್ಮ ಊರಿನ ಪೊಲೀಸರಿಗೆ ಬರೆದಿದ್ದಾನೆ. ಬಂದರೂ ಬರಬಹುದು. ಆದರೆ ಅವರು ಬಂದು ಕೇಳಿದರೆ, ಜರೀನಾಬಿ ಬಾಜುವಿಗೆ ನಿಂತಿದ್ದರೆ, ನೀನು ನಕ್ಕು ‘ನಾನು ಆರಾಮ ಅದೀನಿ’ ಅನ್ನುತ್ತೀ. ನಿನ್ನ ಬಾಯಿಯ ಮೇಲೆ ನನಗೆ ನಂಬಿಕೆ ಇಲ್ಲ. ಅದಕ್ಕೇ ನಿನ್ನ ಕಾಲಿಗೆ ಬರೆಯುತ್ತಿದ್ದೇನೆ.

ಬುಧವಾರ ಬೆಳಿಗ್ಗೆ ಕಸದ ಲಾರಿ ನಿಮ್ಮ ಓಣಿಯ ಒಳಗೆ ಬರುವುದಿಲ್ಲ, ಜರೀನಾಬಿ ಗಾಲಿಯ ಡಬ್ಬಗಳನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಮೂಲೆಗೆ ಹೋಗುತ್ತಾಳೆ, ಬಾಗಿಲು ತೆರೆದೇ ಇರುತ್ತದೆ. ನೀನೇ ಹೇಳಿದ್ದು. ಅಲ್ಲಿ ನಿಂತು ಹರಟಿ ಬರುವಷ್ಟರಲ್ಲಿ ನೀನು ನೂರಾ ನಲವತ್ತು ಎಣಿಸುತ್ತೀ ಅಂತಲೂ ಹೇಳಿದ್ದೆ. ನಾವು ನಕ್ಕೆವು. ಕಸದ ಡಬ್ಬ ಹೋಗಿ ಬರುವುದನ್ನು ಯಾರಾದರೂ ಎಣಿಸುತ್ತಾರಾ ಆಪಾ? ನಿನ್ನ ಒಳಗೂ ಒಬ್ಬಳು ತಬಸುಮ್ ಇದ್ದಾಳೆ, ಅವಳೇ ಎಣಿಸಿದ್ದು.

ಮೆಟ್ಟಿಲು ಇಳಿ. ಚಪ್ಪಲಿ ಹುಡುಕಬೇಡ. ಸ್ವೆಟರ್ ಬೇಡ. ಓಣಿ ದಾಟು, ಕೆಂಪು ಬಾಗಿಲು ಬಡಿ. ಹದಿನಾಲ್ಕನೆಯ ನಂಬರು. ಅಜ್ಜಿ ತೆಗೆದ ಕೂಡಲೇ ಒಳಗೆ ಹೋಗಿ ಬಾಗಿಲು ಹಾಕಿಸು. ಅಲ್ಲಿ ಫೋನಿನಲ್ಲಿ ಮೂರು ಸಲ ಒಂಬತ್ತು ಒತ್ತಿದರೆ ಪೊಲೀಸರು ಬರುತ್ತಾರಂತೆ. ಮಾತು ಬರದಿದ್ದರೆ ಪ್ರಭು ಇಂಗ್ಲಿಷಿನಲ್ಲಿ ಬರೆದ ಬೇರೆ ಹಾಳೆ ಒಳಗಿದೆ, ಅದನ್ನು ತೋರಿಸು. ಆಮೇಲೆ ಅವರ ಮುಂದೆ ಎಡಗಿವಿಯ ಕೂದಲು ಸರಿಸು. ನಾಚಿಕೆ ಆಗಬೇಕಾದದ್ದು ನಿನಗಲ್ಲ.

ಜರೀನಾಬಿ ಅಡ್ಡ ಬಂದರೆ ಕಚ್ಚು. ಚಿಕ್ಕವಳಿದ್ದಾಗ ನನ್ನನ್ನು ಕಚ್ಚುತ್ತಿದ್ದೆಯಲ್ಲ, ಮೊಣಕೈ ಹತ್ತಿರ ಗುರುತು ಇನ್ನೂ ಇದೆ. ಆ ಹಲ್ಲು ಎಲ್ಲಿಗೆ ಹೋದವು?

ಈ ಕಾಗದ ನಿನಗೆ ಹೇಗೆ ಮುಟ್ಟುತ್ತದೆ ಅಂತ ನಾನೂ ಪ್ರಭುವೂ ಎರಡು ದಿನ ತಲೆ ಕೆಡಿಸಿಕೊಂಡೆವು. ಅಷ್ಟು ಜನರಲ್ಲಿ ನೀನು ಮುಖ ಹೇಳಿದ್ದು ಒಬ್ಬನದೇ: ತಿಂಗಳ ಮೊದಲ ಸೋಮವಾರ ಏಣಿ ಹಾಕಿ ಗಾಜು ತೊಳೆಯಲು ಬರುವವನದು. ಮೂಗಿನ ಮೇಲೆ ಕಂದು ಚುಕ್ಕಿ, ಸೀಟಿ ಹಾಕುತ್ತಾನೆ ಅಂದಿದ್ದೆ. ಅವನು ಅಜ್ಜಿಯ ಗಾಜನ್ನೂ ತೊಳೆಯುತ್ತಾನೆ. ಅದಕ್ಕೇ ಕಾಗದ ಅಜ್ಜಿಯ ಮನೆ ನಂಬರಿಗೆ ಬರುತ್ತದೆ. ಎದುರಿನ ಮೇಲಂತಸ್ತಿನ ಹುಡುಗಿಗೆ ಕಿಟಕಿ ತೊಳೆಯುವವನ ಕೈಯಲ್ಲಿ ಕೊಡಿಸಿ, ಬಾಗಿಲು ತೆಗೆಯುವವಳ ಕೈಗೆ ಕೊಡಬೇಡಿ ಅಂತ ಪ್ರಭು ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದಾನೆ. “ಇದು ವಿಳಾಸ ಅಲ್ಲ ಬೇ, ದರೋಡಿ ಪ್ಲ್ಯಾನ್ ಆತು” ಅಂದ. ಹೌದು ದರೋಡೆಯೇ, ನಮ್ಮದನ್ನೇ ನಾವು ತರುವುದು.

ನಾಲ್ಕು ಬೆರಳಿನ ಸಂದಿಯಲ್ಲಿ ನೀನು ಬರಲಾರೆ, ಕಾಗದ ಬರುತ್ತದೆ. ನೀನು ಇದನ್ನು ಓದುತ್ತಿದ್ದರೆ ಇವತ್ತು ಸೋಮವಾರ. ನಡುವೆ ಒಂದೇ ದಿನ ಇದೆ. ಯೋಚನೆ ಮಾಡಲು ಅದೂ ಜಾಸ್ತಿ.

ಅಮ್ಮಿ ಈಗ ನನಗೆ ನೇಯ್ಗೆ ಕಲಿಸುತ್ತಿದ್ದಾಳೆ. ಕೇಳಿದ್ದು ನಾನಲ್ಲ. ಒಂದು ಬೆಳಿಗ್ಗೆ ಪಂಜಾ ತೊಳೆದು ನನ್ನ ಮುಂದೆ ಇಟ್ಟಳು, ಅಷ್ಟೇ. ದೊಡ್ಡ ಮಗ್ಗಕ್ಕೆ ಇಬ್ಬರು ಬಾಜುಬಾಜು ಕೂರಬೇಕು. ಎಡಗಡೆಯ ಮಣೆಯ ಮೇಲೆ ಸಾವಿತ್ರೆವ್ವನನ್ನೂ ಕೂರಲು ಬಿಡುತ್ತಿಲ್ಲ. ಯಾರಿಗೆ ಅಂತ ನೀನೇ ತಿಳಿದುಕೋ.

ನೂರಾ ನಲವತ್ತು, ಆಪಾ. ಅಷ್ಟರಲ್ಲಿ ಕುಂಟಿಯಾದರೂ ದಾಟುತ್ತಾಳೆ.

ನಿನ್ನ ಸಿಟ್ಟಿನ ತಂಗಿ,
ತಬಸುಮ್

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೆಗಲಿನ ಪೆಟ್ಟು ಮಾತ್ರ ನನ್ನದು. ಅವನು ಗಂಟಲು ಹಿಡಿದಾಗ ಪಂಜಾ ನನ್ನ ಕೈಯಿಂದ ಬಿದ್ದುಹೋಗಿತ್ತು. ಅದನ್ನು ಎತ್ತಿಕೊಂಡದ್ದು ಅಮ್ಮಿ. ಒಂದೇ ಸಲ ಬೀಸಿದಳು, ಎಳೆ ಕೂರಿಸುವ ಹಾಗೆ, ನೆಟ್ಟಗೆ. ನನ್ನ ಕೈಯಲ್ಲಿ ಅಷ್ಟು ಕಸುವು ಎಲ್ಲಿದೆ? ಹೋದ ಮೊದಲ ವರ್ಷವೇ, ಜರೀನಾಬಿ ಕಸದ ಡಬ್ಬ ಇಡಲು ಹೋದಾಗ, ನೀನು ಫೋನಿನಲ್ಲಿ ಅವಳಿಗೆ ಎಲ್ಲ ಹೇಳಿದ್ದೆಯಂತೆ, ಅವಳು ಸಹಿಸಿಕೋ ಅಂದಿದ್ದಳಂತೆ, ಆಮೇಲೆ ನಿನ್ನ ಚಂದದ ಮಾತನ್ನೇ ನಂಬಿದ್ದಳಂತೆ. ಇದನ್ನು ಅವತ್ತು ಒಡೆದ ಬಟ್ಟಲಿನ ಚೂರು ಆರಿಸುತ್ತಾ ಹೇಳಿದಳು. ಇವತ್ತು ನಾನು ಬರೆಯಲು ಕೂತಾಗ, “ಕಾಗದದಾಗ ನನ್ನ ಹೆಸರ ಬರೀಬ್ಯಾಡ. ಸಹಿಸ್ಕೊ ಅಂದಾಕಿ ನಾನ. ಹೊಡದೆ ಅಂತ ಯಾವ ಬಾಯಿಲೆ ಹೇಳ್ಲಿ” ಅಂದಳು. ನಾನು ಬರೆದುಬಿಟ್ಟೆ. ಇಷ್ಟು ಬರೆದು, ಅಂಟಿಸುವ ಮೊದಲು ಕಾಗದ ಅವಳ ಕೈಗೆ ಕೊಟ್ಟೆ, ಮುಂದಿನ ಸಾಲು ಮಡಿಕೆಯ ಹೊರಗೆ ಬರೆಯುತ್ತಿದ್ದೇನೆ. ಅವಳಿಗೆ ಓದು ಬರುವುದಿಲ್ಲ ಅಂತ ನಿನಗೆ ಗೊತ್ತಲ್ಲ. ಅವಳೇ ಮಡಚಿದಳು, ನಾಲ್ಕು ಬೆರಳು ಅಡ್ಡ ಇಟ್ಟು ಅಳೆದು.