ಫ್ರಿಜ್ಜಿನಲ್ಲಿ ಸ್ವಲ್ಪ ಜಾಗ

ಪ್ರೀತಿಯ ಮಗಳಿಗೆ,

ನೀನೂ ಕೂಸೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಸೋರಿಯಾಸಿಸ್‌ಗೆ ಇಷ್ಟು ವರ್ಷ ನುಂಗುತ್ತಿದ್ದ ಮಾತ್ರೆ ನಿಲ್ಲಿಸಿ ಡಾಕ್ಟರಮ್ಮ ಹೊಸ ಇಂಜೆಕ್ಷನ್ ಶುರುಮಾಡಿದ್ದಾರೆ. ಎರಡು ವಾರಕ್ಕೊಮ್ಮೆ ಹೊಟ್ಟೆಗೆ ನಾನೇ ಚುಚ್ಚಿಕೊಳ್ಳಬೇಕು. ದಿನವೂ ಜನರ ಕುತ್ತಿಗೆಗೆ ಕ್ಷೌರದ ಕತ್ತಿ ಹಿಡಿಯುವ ನಾನು ಸೂಜಿ ಕಂಡು ಗಡಗಡ ನಡುಗಿದೆ. ನಿನ್ನಮ್ಮ ನಕ್ಕು ನಕ್ಕು ಸುಸ್ತಾದಳು.

ಈಗ ಅಂಗೈಯ ಬಿರುಕುಗಳು ಕೂಡಿಕೊಂಡಿವೆ, ಹೊಟ್ಟು ಉದುರುವುದು ನಿಂತಿದೆ. ಮೊಣಕೈ ಮಾತ್ರ ಇನ್ನೂ ಹಟ ಬಿಟ್ಟಿಲ್ಲ. ಮೊನ್ನೆ ಅಂಗಡಿಯಲ್ಲಿ ಕೈಗವಸಿಲ್ಲದೆ ಒಬ್ಬರಿಗೆ ಶೇವ್ ಮಾಡಿದೆ. ಅವರು ಕುರ್ಚಿಯಲ್ಲೇ ಗೊರಕೆ ಹೊಡೆದರು. ನನಗೆ ಕಣ್ಣು ತುಂಬಿ ಬಂತು.

ಹೆರಿಗೆಯಾದ ದಿನ ಆಸ್ಪತ್ರೆಯಲ್ಲಿ ನೀನು, "ಅಪ್ಪಾ, ಇದು ಅಂಟೋದಲ್ಲ ಅಂತ ಎಲ್ಲರಿಗೂ ಗೊತ್ತು, ಎತ್ಕೋ" ಎಂದೆ. ನನ್ನ ಕೈ ಜೇಬಿನಿಂದ ಹೊರಗೆ ಬರಲೇ ಇಲ್ಲ. ಅಂಟುತ್ತದೆಂದು ಅಲ್ಲಮ್ಮ. ಅಷ್ಟು ಎಳೆಯ ಮೈಗೆ ನನ್ನ ಒರಟು ಕೈ ತರಚೀತು ಎಂದು ಹೆದರಿದೆ.

ಭಾನುವಾರ ನಾವಿಬ್ಬರೂ ಬರುತ್ತೇವೆ. ಔಷಧಿ ತಣ್ಣಗಿರಬೇಕಂತೆ, ಫ್ರಿಜ್ಜಿನಲ್ಲಿ ಸ್ವಲ್ಪ ಜಾಗ ಮಾಡಿಡು. ಎರಡು ಡೋಸ್ ತರುತ್ತಿದ್ದೇನೆ, ಬೇಗ ಹೊರಡುವವನಲ್ಲ.

ನಾನು ಬರುವಾಗ ಕೂಸು ಮಲಗಿದ್ದರೆ ಎಬ್ಬಿಸಬೇಡ. ಹಾಗೇ ತಂದು ನನ್ನ ಕೈಗೆ ಕೊಡು.

ನಿನ್ನ
ಅಪ್ಪ