ಜಗಲಿಯ ಕೆಳಗಿನ ಒಂಬತ್ತು ಕೈ

ಪ್ರೀತಿಯ ಮೇಷ್ಟ್ರೇ,

ಮಳವಳ್ಳಿಯ ಮಗಳ ಮನೆಯಲ್ಲಿ ನೀವು ತೀರಿಕೊಂಡ ಸುದ್ದಿ ಬಂದಾಗ ನಾನು ಮದ್ದೂರಿನಲ್ಲಿದ್ದೆ. ಬಸ್ಸು ಎದುರಿಗೇ ನಿಂತಿತ್ತು, ಹತ್ತಲಿಲ್ಲ. ಯಾವ ಮುಖ ಹೊತ್ತು ಬರಲಿ?

ನಾಲೆ ನೀರು ಬಂದ ಹೊಸತರಲ್ಲಿ ನೀವು ಊರಿಗೊಂದು ಸಹಕಾರ ಸಂಘ ಕಟ್ಟಿದಿರಿ. ಬಿತ್ತನೆಗೆ, ಗಾಣಕ್ಕೆ ನಮ್ಮದೇ ಸಾಲ. ಷೇರು ಎಷ್ಟೇ ಇರಲಿ, ಮತಕ್ಕೆ ಎತ್ತುವುದು ತಲೆಗೊಂದೇ ಕೈ ಎಂದು ನಿಯಮ ಓದಿದಿರಿ. ಅಂಗಳದಿಂದ ಕೇರಿಯ ಸಿದ್ದಯ್ಯ ಕೇಳಿದ: “ಪಟೇಲ್ರಿಗೂ ಒಂದೇ ಕೈಯಾ ಮೇಷ್ಟ್ರೇ?” “ಒಂದೇ ಕಣಯ್ಯ. ಎರಡೂ ಎತ್ತುದ್ರೆ ಶರಣಾದ್ರು ಅಂತ ಬರ್ಕೊತೀವಿ” ಎಂದಿರಿ. ಆ ದಿನ ಎಷ್ಟು ನಕ್ಕೆವು!

ಯುದ್ಧದ ವರ್ಷ ಪಟೇಲರೇ ನಿಮ್ಮೆದುರು ಅಧ್ಯಕ್ಷಗಿರಿಗೆ ನಿಂತರಲ್ಲ, ಆ ಸಭೆ ಎಂದಿನಂತೆ ಗುಡಿಯ ಜಗಲಿಯಲ್ಲಿ. ಕೇರಿಯ ಸದಸ್ಯರು ಜಗಲಿ ಹತ್ತುವಂತಿರಲಿಲ್ಲ, ಕೆಳಗೆ ಅಂಗಳದಲ್ಲಿದ್ದರು. ನೀವು ಅವರಿಗೆ ಬೆನ್ನಾಗಿ ಕೂತಿದ್ದಿರಿ. ಕೈ ಎಣಿಸಿದವನು ನಾನು, ಸಂಘದ ಗುಮಾಸ್ತ. ಜಗಲಿಯ ಮೇಲಿನವರನ್ನಷ್ಟೇ ಎಣಿಸಿದೆ. ಮೂರು ಕೈಯಿಂದ ಸೋತಿರಿ.

ಪಟೇಲರ ಭಯ ಎಂದರೆ ಅರ್ಧ ನಿಜ. ಉಳಿದರ್ಧ ಹೇಳಲು ನಾಚಿಕೆ. ಅಲ್ಲಿ ಎಣಿಸಬೇಕಾದವರು ಇದ್ದಾರೆಂದೇ ನನಗೆ...

ಮೆಟ್ಟಿಲಿಳಿಯುತ್ತಾ ಕೇಳಿದಿರಿ: “ಕೆಳಗಿನೋರೂ ಎತ್ತಲಿಲ್ವೇನಯ್ಯಾ?” ನಾನು ಚಪ್ಪಲಿ ಹುಡುಕುವವನಂತೆ ಬಗ್ಗಿದೆ. ನೀವು ಅದನ್ನೇ ಉತ್ತರವೆಂದುಕೊಂಡು ಊರು ಬಿಟ್ಟಿರಿ.

ಆಮೇಲೆ ಕೇರಿಯವರು ಷೇರು ಹಿಂದಕ್ಕೆ ಪಡೆದರು. ಅವರ ಹಿಂದೆ ಸಣ್ಣ ಹಿಡುವಳಿಯವರೂ ಹೋದರು. ಸಾಲ ಪಟೇಲರ ನೆಂಟರಲ್ಲೇ ಸುತ್ತಿ, ತೀರಿಸುವವರಿಲ್ಲದೆ ಸಂಘಕ್ಕೆ ಬೀಗ ಬಿತ್ತು. ನಂಬಿಕೆಯೇ ಬಂಡವಾಳ ಎನ್ನುತ್ತಿದ್ದಿರಿ. ಅದನ್ನು ಕಳೆದವನು ನಾನೇ.

ಹೋದ ವಾರ, ಮುಚ್ಚಿದ ಸಂಘವನ್ನು ಮತ್ತೆ ತೆರೆಯೋಣ, ಸೇರು ಎಂದು ಸಿದ್ದಯ್ಯನನ್ನು ಕೇಳಹೋದೆ. ನನ್ನನ್ನು ದಿಟ್ಟಿಸಿ ಅಂದ: “ಅವತ್ತು ಒಂಬತ್ ಜನವೂ ಮೇಷ್ಟ್ರಿಗೇ ಎತ್ತುದ್ವಿ ಬುದ್ದಿ. ತೋಳು ನೋಯೋಗಂಟ ಎತ್ಕಂಡಿದ್ವಿ. ನೀವು ನಮ್ ಕಡೆ ತಿರುಗ್ನೇ ಇಲ್ಲ.” ನಾನು ಅಲ್ಲೇ ಅತ್ತುಬಿಟ್ಟೆ. ಅವನು ಸಮಾಧಾನ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ನಿನ್ನೆ ಸಭೆಯನ್ನು ಹುಣಸೆಮರದಡಿ ಕರೆದೆ. ಎಲ್ಲರಿಗೂ ಒಂದೇ ನೆಲ. ಪಟೇಲರ ಎದುರೇ ತಪ್ಪೊಪ್ಪಿಕೊಂಡೆ. ಅವರು ಎದ್ದು ಹೋದರು, ಹೋಗಲಿ. ಹೆಸರಿಗಷ್ಟೇ ಉಳಿದಿದ್ದ ಗುಮಾಸ್ತಿಕೆ ಬಿಟ್ಟೆ. ಆಮೇಲೆ ಸಂಘ ಮತ್ತೆ ತೆರೆಯಲು ಒಪ್ಪಿದವರು ಕೈ ಎತ್ತಿದರು. ಸಿದ್ದಯ್ಯನೇ ಎಣಿಸಿದ, ಪ್ರತಿಯೊಬ್ಬರ ಮುಂದೆಯೂ ನಿಂತು, ಮುಖ ನೋಡಿ.

ಮೇಷ್ಟ್ರೇ, ಕೆಳಗಿನವರು ನಿಮ್ಮನ್ನು ಕೈಬಿಟ್ಟಿರಲಿಲ್ಲ. ಆ ದಿನ ನೀವು ಆರು ಕೈಯಿಂದ ಗೆದ್ದಿದ್ದಿರಿ.